ಅಪ್‌ಡೇಟ್: ಅಣ್ಣನ ಹಿಮ್ಮಡಿ ನೋವು, ಸ್ಟೆಮ್ ಸೆಲ್ ಇಂಜೆಕ್ಷನ್

ಮೀನಖಂಡದ ಸ್ನಾಯುವನ್ನು ಹಿಮ್ಮಡಿಗೆ ಜೋಡಿಸುವ ಅಕಿಲೀಸ್ ಸ್ನಾಯುರಜ್ಜು ದಪ್ಪಗಾಗಿ ನೋಯುತ್ತಿದ್ದ ಅಣ್ಣನಿಗೆ ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಇಂಜೆಕ್ಷನ್ ಕೊಡಿಸಬಹುದೇ ಎಂದು ಕೇಳಿದ್ದೆ. ಕೊಡಿಸಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ಇಂಥ ಚಿಕಿತ್ಸೆ ಅನುಮೋದಿತ ಪ್ರಯೋಗದ ಚೌಕಟ್ಟಿನಲ್ಲಷ್ಟೇ ನಡೆಯಬೇಕೆಂದು ಒಬ್ಬರು ತಿಳಿಸಿದ್ದರು. ಮೂಳೆವೈದ್ಯರೂ ಅದನ್ನೇ ಹೇಳಿದರು. ಐಸ್ ಪ್ಯಾಕ್, ಮುಲಾಮುಗಳಿಂದ ಆ ಹೊತ್ತಿನ ಶಮನವಷ್ಟೇ ಸಿಕ್ಕಿತು. ಫಲ ಕೊಟ್ಟದ್ದು, ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲೂರಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವ ವ್ಯಾಯಾಮ. ಅಣ್ಣ ಈಗ ಬೆಳಗಿನ ವಾಕಿಂಗ್ ಮತ್ತೆ ಶುರುಮಾಡಿದ್ದಾರೆ.

ಆಶ್ಚರ್ಯವೆಂದರೆ, ಈ ಚಿಕಿತ್ಸೆಯ ಅನುಭವ ಹೆಚ್ಚಾಗಿರುವುದು ರೇಸ್ ಕುದುರೆಗಳಲ್ಲಿ: ಬ್ರಿಟನ್ನಿನ ಪಶುವೈದ್ಯರು ಕುದುರೆಯ ಎದೆಮೂಳೆಯ ಮಜ್ಜೆಯಿಂದ ತೆಗೆದ ಕೋಶಗಳನ್ನು ಪ್ರಯೋಗಾಲಯದಲ್ಲಿ ವೃದ್ಧಿಸಿ, ಅಲ್ಟ್ರಾಸೌಂಡ್ ನೋಡುತ್ತ ಅದರದ್ದೇ ಮುಂಗಾಲಿನ ಸ್ನಾಯುರಜ್ಜುವಿನ ಗಾಯದೊಳಗೆ ಚುಚ್ಚುತ್ತಾರೆ. ಹದವಾದ ಎಳೆತವಿಲ್ಲದೆ ಸ್ನಾಯುರಜ್ಜುವಿನ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು ಸರಿಯಾಗಿ ಸಾಲುಗೂಡುವುದಿಲ್ಲವಾದ್ದರಿಂದ, ಕೋಶ ತುಂಬಿದ ಕುದುರೆಗೂ ಆಮೇಲೆ ತಿಂಗಳುಗಟ್ಟಲೆ ಹಂತಹಂತದ ವ್ಯಾಯಾಮ ತಪ್ಪಿದ್ದಲ್ಲ.