ಸೇಬು-ಚಕ್ಕೆ ಕೇಕ್: ಮೇಲೆ ಕೆಂಪಗೆ, ನಡುವೆ ಹಸಿ

ಪ್ರಶ್ನೆ (ವಿದ್ಯಾನಗರ, ದಾವಣಗೆರೆ):
ನಮಸ್ಕಾರ ಅಣ್ಣ. ಮಗಳ ಹುಟ್ಟುಹಬ್ಬಕ್ಕೆ ಸೇಬು, ಚಕ್ಕೆಪುಡಿ ಹಾಕಿ ಕೇಕ್ ಮಾಡಿದೆ. 150 ಗ್ರಾಂ ಮೈದಾ, 120 ಗ್ರಾಂ ಸಕ್ಕರೆ, 100 ಗ್ರಾಂ ಬೆಣ್ಣೆ, 2 ಮೊಟ್ಟೆ, ಬೇಕಿಂಗ್ ಪೌಡರ್ ಮತ್ತು ಚಕ್ಕೆಪುಡಿ ಒಂದೊಂದು ಟೀ ಚಮಚ. ಬೆಣ್ಣೆ ಮನೆಯಲ್ಲೇ ಕಡೆದದ್ದು. ಎರಡು ಸೇಬು ತುರಿದು ಹಾಕಿದೆ. 7 ಇಂಚಿನ ಟಿನ್, 180 ಡಿಗ್ರಿ, 35 ನಿಮಿಷ. ಕೊಯ್ದರೆ ನಡುವೆ ಹಲ್ವಾ ತರ ಮೆತ್ತಗೆ, ತಗ್ಗು ಬೇರೆ. ಮಗಳು ಅಂಚು ಮಾತ್ರ ತಿಂದಳು, ತುಂಬಾ ಬೇಜಾರಾಯಿತು. ಎಲ್ಲಿ ತಪ್ಪಿದೆ?

ಉತ್ತರ (ಬೇಕರಿಯವರು, ದಾವಣಗೆರೆ):
ಅಕ್ಕ, ನಿಮ್ಮ ಅಳತೆ ಸರಿಯಾಗಿದೆ. ಅಳತೆಗೆ ಸಿಗದ ನೀರು ಎರಡು ಕಡೆಯಿಂದ ಸೇರಿಕೊಂಡಿದೆ.

ಮೊದಲು ಬೆಣ್ಣೆ. ಕಡೆದ ಬೆಣ್ಣೆಯನ್ನು ನೀರಲ್ಲಿ ಮುಳುಗಿಸಿ ಇಡುತ್ತೇವೆ, ಅಲ್ವಾ? ಒಂದು ಉಂಡೆ ತೆಗೆದು ಅಂಗೈಯಲ್ಲಿ ಒತ್ತಿ ನೋಡಿ, ಬೆರಳ ಸಂದಿಯಿಂದ ಬಿಳಿ ನೀರು ತೊಟ್ಟಿಕ್ಕುತ್ತದೆ. ಬೆಣ್ಣೆ ದೋಸೆ ಮಾಡುವಾಗ ಕಾವಲಿ ಮೇಲೆ ಚುಂಯ್ ಅನ್ನುವುದು ಅದೇ ನೀರು. ಅಲ್ಲಿ ಆವಿಯಾಗಿ ಹೋಗುತ್ತದೆ, ಕೇಕಿನ ಒಳಗಿಂದ ಹೊರಗೆ ಹೋಗಲು ದಾರಿ ಇಲ್ಲ. ಪ್ಯಾಕೆಟ್ ಬೆಣ್ಣೆಯಲ್ಲಿ ನೂರಕ್ಕೆ 16 ಭಾಗಕ್ಕಿಂತ ಜಾಸ್ತಿ ನೀರು ಇರಬಾರದು ಎಂಬ ನಿಯಮ ಇದೆ. ಮನೆ ಬೆಣ್ಣೆಯಲ್ಲಿ ಎಷ್ಟಿದೆ ಅಂತ ಹೇಳೋದು ಕಷ್ಟ. ಹಾಗಂತ ಅದನ್ನು ಬಿಡಬೇಡಿ, ಆ ರುಚಿ ಪ್ಯಾಕೆಟ್‌ನಲ್ಲಿ ಸಿಗಲ್ಲ. ತೆಳು ಬಟ್ಟೆಯಲ್ಲಿ ಕಟ್ಟಿ ಚೆನ್ನಾಗಿ ಹಿಂಡಿ, ಆಮೇಲೆ ತೂಕ ಮಾಡಿ. ಬೆರಳಿಟ್ಟರೆ ಗುಳಿ ಬೀಳಬೇಕು, ಎಣ್ಣೆ ಬಿಡಬಾರದು. ಆ ಹದದಲ್ಲಿ ಸಕ್ಕರೆ ಹಾಕಿ ಬಣ್ಣ ಬೆಳ್ಳಗಾಗುವವರೆಗೆ ನಾದಿ. ನಮ್ಮ ಕಡೆ ಬೇಸಿಗೆಯಲ್ಲಿ ಬೆಣ್ಣೆ ಬೇಗ ಕರಗುತ್ತದೆ, ಬೆಳಗ್ಗೆಯೇ ಮಾಡಿಕೊಳ್ಳಿ.

ಇನ್ನು ಸೇಬು. ತುರಿದರೆ ರಸವೆಲ್ಲ ಹೊರಗೆ ಬರುತ್ತದೆ. ಹೆಬ್ಬೆರಳಿನ ಉಗುರಿನಷ್ಟು ಹೋಳು ಮಾಡಿ. ಒಂದು ಚಮಚ ಸಕ್ಕರೆ, ನಾಲ್ಕು ಹನಿ ನಿಂಬೆರಸ ಹಾಕಿ 20 ನಿಮಿಷ ಬಿಡಿ. ಬಿಟ್ಟ ನೀರನ್ನು ಚೆಲ್ಲಬೇಡಿ, ಬಾಣಲೆಯಲ್ಲಿ ಪಾಕದಂತೆ ಕಾಯಿಸಿ ಬೆಂದ ಕೇಕ್ ಮೇಲೆ ಸವರಿ. ಹೋಳುಗಳನ್ನು ಒಂದು ಚಮಚ ಮೈದಾದಲ್ಲಿ ಹೊರಳಿಸಿ ಕೊನೆಗೆ ಸೇರಿಸಿ.

ಓವನ್ ಮೊದಲೇ ಕಾಯಿಸಿ, 170 ಡಿಗ್ರಿಯಲ್ಲಿ 45 ನಿಮಿಷ ಇಡಿ. ಮೊದಲ 30 ನಿಮಿಷ ಬಾಗಿಲು ತೆಗೆಯಬೇಡಿ. ಕಡ್ಡಿ ಚುಚ್ಚುವಾಗ ಎರಡು ಕಡೆ ಚುಚ್ಚಿ. ಸೇಬಿಗೆ ತಾಗಿದರೆ ಬೆಂದ ಕೇಕಿನಲ್ಲೂ ಕಡ್ಡಿ ಒದ್ದೆಯಾಗಿ ಬರುತ್ತದೆ.

ಪ್ರಶ್ನೆ (ಚಿತ್ರದುರ್ಗ):
ಸರ್, ನಮ್ಮ ಅತ್ತೆ ಮೊಟ್ಟೆ ಮುಟ್ಟಲ್ಲ. ಓವನ್ನೂ ಇಲ್ಲ. ಇದೇ ಕೇಕ್ ಆಗುತ್ತಾ?

ಉತ್ತರ:
ಆಗುತ್ತದೆ ಮೇಡಂ. ಎರಡು ಮೊಟ್ಟೆಗೆ ಬದಲು ಅರ್ಧ ಕಪ್ ಗಟ್ಟಿ ಮೊಸರು, ಕಾಲು ಚಮಚ ಅಡುಗೆ ಸೋಡಾ. ಹುಳಿ ಮೊಸರು ಬೇಡ. ಸೋಡಾ ಹಾಕಿದ ಮೇಲೆ ಹಿಟ್ಟನ್ನು ಇಟ್ಟುಕೊಂಡು ಕೂರಬೇಡಿ, ತಕ್ಷಣ ಬೇಯಿಸಿ. ಓವನ್ ಬದಲು ದಪ್ಪ ತಳದ ಹಳೇ ಪಾತ್ರೆ ಸಾಕು. ತಳಕ್ಕೆ ಒಂದು ಪದರ ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು, ಮುಚ್ಚಿ 10 ನಿಮಿಷ ಕಾಯಿಸಿ. ಆಮೇಲೆ ಟಿನ್ ಇಟ್ಟು ಸಣ್ಣ ಉರಿಯಲ್ಲಿ 50 ನಿಮಿಷದಿಂದ ಒಂದು ಗಂಟೆ. ಮೇಲೆ ಕೆಂಪಾಗುವುದಿಲ್ಲ, ಅದಕ್ಕೆ ಹೆದರಬೇಡಿ. ಹೊಸ ಕುಕ್ಕರನ್ನು ನೀರಿಲ್ಲದೆ ಕಾಯಿಸಿ ಹಾಳು ಮಾಡಿಕೊಳ್ಳಬೇಡಿ.

ಪ್ರಶ್ನೆ (ಹರಿಹರ):
ಪಲಾವ್‌ಗೆ ಹಾಕುವ ಚಕ್ಕೆಯನ್ನೇ ಪುಡಿ ಮಾಡಿದೆ. ಖಾರ ಜಾಸ್ತಿ, ಬಾಯಲ್ಲಿ ತರಿತರಿ.

ಉತ್ತರ:
ಅದು ಕ್ಯಾಸಿಯಾ ಅನ್ನುವ ದಪ್ಪ ತೊಗಟೆಯ ಬೇರೆ ಜಾತಿಯ ಚಕ್ಕೆ ಇರಬೇಕು. ಶ್ರೀಲಂಕಾದ ಚಕ್ಕೆ ಕಾಗದ ಸುತ್ತಿದ ಹಾಗೆ ಪದರ ಪದರ, ಕೈಯಲ್ಲೇ ಮುರಿಯುತ್ತದೆ, ಘಾಟು ಕಡಿಮೆ. ಅದು ಸಿಗದಿದ್ದರೆ ಇದನ್ನೇ ಮುಕ್ಕಾಲು ಚಮಚ ಹಾಕಿ. ಪುಡಿಯನ್ನು ಬಟ್ಟೆಯಲ್ಲಿ ಜರಡಿ ಹಿಡಿಯಲೇಬೇಕು.

ವಿದ್ಯಾನಗರದಿಂದ ಮತ್ತೆ:
ಅಣ್ಣ, ಭಾನುವಾರ ಮಾಡಿದೆ. ಬೆಣ್ಣೆ ಹಿಂಡಿದಾಗ ಅರ್ಧ ಲೋಟದಷ್ಟು ನೀರು ಬಂತು! ನಡುವೆಯೂ ಬೆಂದಿದೆ. ಮೇಲೆ ಮಾತ್ರ ಸ್ವಲ್ಪ ಬಿರುಕು.

ಉತ್ತರ:
ಟಿನ್ ಮೇಲಿನ ಕಾಯಿಲ್‌ಗೆ ಹತ್ತಿರ ಇದ್ದಿರಬೇಕು ಅಕ್ಕ. ಮುಂದಿನ ಸಲ ಒಂದು ಮೆಟ್ಟಿಲು ಕೆಳಗೆ ಇಡಿ. ಮಗಳು ನಡುವಿನ ತುಂಡು ತಿಂದಳಾ?