ಜಾಮೀನು ಸಿಕ್ಕಿದ ಮೇಲೂ ಜೈಲಿನಲ್ಲೇ ಇರುವುದು ಯಾವ ನ್ಯಾಯ?

ಧಕ್ಕೆಯವ, ಮಂಗಳೂರು:
ಬೋಟ್ ಕೆಲಸಕ್ಕೆ ಒಡಿಶಾದಿಂದ ಬಂದ ಹುಡುಗನೊಬ್ಬ ಮೊಬೈಲ್ ಕದ್ದ ಆರೋಪದಲ್ಲಿ ಜೈಲಿನಲ್ಲಿದ್ದಾನೆ. ಜಾಮೀನು ಮಂಜೂರಾಗಿ ವಾರಗಳೇ ಕಳೆದವು. ಆದರೆ ಪಹಣಿ ಇರುವ ಇಲ್ಲಿಯವರೇ ಶ್ಯೂರಿಟಿ ನಿಲ್ಲಬೇಕಂತೆ. ಅವನಿಗೆ ಇಲ್ಲಿ ಯಾರಿದ್ದಾರೆ? ಬೋಟ್ ಮಾಲೀಕರು ಕೋರ್ಟಿನ ಸಹವಾಸವೇ ಬೇಡ ಅಂದುಬಿಟ್ಟರು. ಅದೇ ಕೇಸಿನಲ್ಲಿ ಸಿಕ್ಕಿದ ಊರಿನ ಹುಡುಗ ಮಾವನ ಪಹಣಿ ಕೊಟ್ಟು ಮರುದಿನವೇ ಹೊರಗೆ ಬಂದ. ಆರೋಪ ಒಂದೇ ಅಲ್ವಾ? ಇದಕ್ಕೆ ಕಾನೂನಿನಲ್ಲಿ ದಾರಿ ಉಂಟಾ?

ಉಡುಪಿ ವಕೀಲೆ:
ಉಂಟು. 1978ರ ಮೋತಿರಾಮ್ ಪ್ರಕರಣ ನೋಡಿ. ಮಧ್ಯಪ್ರದೇಶದ ಗಾರೆ ಕೆಲಸದವನಿಗೆ 10,000 ರೂಪಾಯಿಯ ಶ್ಯೂರಿಟಿ ಕೇಳಿದ್ದರು. ಅಣ್ಣತಮ್ಮಂದಿರಲ್ಲೇ ಒಬ್ಬರು ಮುಂದೆ ಬಂದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಒಪ್ಪಲಿಲ್ಲ. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದು ತಪ್ಪು ಎಂದು ಹೇಳಿ, 1,000 ರೂಪಾಯಿಯ ಸ್ವಂತ ಬಾಂಡ್ (ಶ್ಯೂರಿಟಿ ಇಲ್ಲದೆ ಅವನೇ ಬರೆದುಕೊಡುವ ಮುಚ್ಚಳಿಕೆ) ಮೇಲೆ ಬಿಡಿಸಿದರು. 2023ರ ಜನವರಿಯಲ್ಲೂ ಅದೇ ಕೋರ್ಟು, ಸ್ಥಳೀಯ ಶ್ಯೂರಿಟಿಯಿಂದಲೇ ಬಿಡುಗಡೆ ತಡವಾಗುತ್ತಿದ್ದರೆ ಆ ಷರತ್ತು ಹಾಕದಿರಬಹುದು ಎಂದಿತು. ಜಾಮೀನು ಸಿಕ್ಕಿ ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ, ಕೋರ್ಟು ತಾನಾಗಿಯೇ ಷರತ್ತು ಸಡಿಲಿಸುವುದನ್ನು ನೋಡಬಹುದು ಎಂದೂ ಹೇಳಿತು.

ಸುರತ್ಕಲ್ ನಿವಾಸಿ:
ಊರಿಗೆ ಹೋದವನು ವಾಪಸ್ ಬರದಿದ್ದರೆ? ಮೊಬೈಲ್ ಕಳೆದುಕೊಂಡವನೂ ಕೂಲಿಯವನೇ ಇರಬಹುದು. ಅವನ ಕೇಸು ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ. ಅದೂ ಅನ್ಯಾಯವೇ.

ಸಮಾಜಶಾಸ್ತ್ರ ಮೇಡಂ:
ಆ ಭಯ ಸುಮ್ನೆ ಅಲ್ಲ. ಆದರೆ ಠಾಣೆಗೆ ವಾರಕ್ಕೊಮ್ಮೆ ಬಂದು ಸಹಿ ಹಾಕು ಅನ್ನಬಹುದು, ಊರಿನ ವಿಳಾಸ ಪರಿಶೀಲಿಸಬಹುದು. ಪಹಣಿ ಕೇಳಿದರೆ ಗೊತ್ತಾಗುವುದು ಅವನ ಬೆನ್ನಿಗೆ ಯಾರಿದ್ದಾರೆ ಅನ್ನುವುದು ಮಾತ್ರ, ಅವನು ಓಡಿಹೋಗುತ್ತಾನಾ ಅನ್ನುವುದಲ್ಲ. ನನಗೆ ಜಾಸ್ತಿ ಸಂಕಟ ಆಗುವುದು ಇದರ ಮುಂದಿನ ಭಾಗಕ್ಕೆ. ಒಳಗೇ ಕೊಳೆಯುವವನು ಬೇಗ ಹೊರಗೆ ಬಂದರೆ ಸಾಕು ಅಂತ, ಮಾಡದ ತಪ್ಪನ್ನೂ ಒಪ್ಪಿಕೊಳ್ಳಬಹುದು. ಆಮೇಲೆ ಎಲ್ಲೇ ಕಳ್ಳತನವಾದರೂ ಪೊಲೀಸರು ಮೊದಲು ಹುಡುಕುವುದು ಅವನನ್ನೇ. ಹೊರಗಿದ್ದವನು ಕೆಲಸ ಮಾಡಿಕೊಂಡು, ವಕೀಲರಿಗೆ ಫೀಸು ಕೊಟ್ಟು, ಸಾಕ್ಷಿ ಹುಡುಕಿ ವಾದಿಸುತ್ತಾನೆ. ಹೀಗೆ ಅಪರಾಧದ ಅಂಕಿಅಂಶದಲ್ಲಿ ಬಡವರೇ ಅಪರಾಧಿಗಳಾಗಿ ಕಾಣುತ್ತಾರೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರಲ್ಲಿ ಶೇ 75.8 ಮಂದಿ ವಿಚಾರಣಾಧೀನ ಕೈದಿಗಳು, ಅಂದರೆ ಕೇಸಿನ ತೀರ್ಪು ಇನ್ನೂ ಬಾರದವರು.

ಧಕ್ಕೆಯವ, ಮಂಗಳೂರು:
ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗಿದ್ದರೆ ಬಿಡುತ್ತಾರೆ ಅಂತ ಕೇಳಿದೆ, ಹೌದಾ? ಕೋರ್ಟಿನ ಹತ್ತಿರ ದುಡ್ಡು ಕೊಟ್ಟರೆ ಶ್ಯೂರಿಟಿ ನಿಲ್ಲುವವರೂ ಇದ್ದಾರಂತೆ.

ಉಡುಪಿ ವಕೀಲೆ:
ಅದು ಹೊಸ ಬಿಎನ್‌ಎಸ್‌ಎಸ್ ಕಾಯ್ದೆಯ (ಬಂಧನ, ಜಾಮೀನು, ವಿಚಾರಣೆಯ ಕ್ರಮ ಹೇಳುವ ಕಾನೂನು) 479ನೇ ಸೆಕ್ಷನ್, ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆಯಾಗದವರಿಗೆ. ಸಾಮಾನ್ಯ ಕಳ್ಳತನಕ್ಕೆ ಗರಿಷ್ಠ 3 ವರ್ಷ, ಅಂದರೆ ಅವನು ಒಂದು ವರ್ಷ ಕಾಯಬೇಕು. ಅಷ್ಟು ಕಾಯಬೇಡಿ. ದುಡ್ಡಿಗೆ ನಿಲ್ಲುವವರ ಹತ್ತಿರವೂ ಹೋಗಬೇಡಿ, ದಾಖಲೆ ನಕಲಿ ಅಂತಾದರೆ ಹುಡುಗನ ಜಾಮೀನಿಗೇ ಕುತ್ತು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಬಂಧನದಲ್ಲಿರುವವರಿಗೆ ವಕೀಲರು ಉಚಿತ, ಆದಾಯ ಕೇಳುವುದಿಲ್ಲ. ಷರತ್ತು ಬದಲಿಸಲು ಅವರೇ ಅರ್ಜಿ ಹಾಕುತ್ತಾರೆ. ಜಾಮೀನು ಆದೇಶದ ಪ್ರತಿ ಕೈಯಲ್ಲಿರಲಿ.