ಹಳೆಯ ಗಿಟಾರ್: ದುರಸ್ತಿಗಾರರನ್ನು ಕೇಳಿ

ಆರುತಂತಿ: ನಮಸ್ಕಾರ ಸರ್. ಅಮೆರಿಕದಲ್ಲಿದ್ದ ದೊಡ್ಡಪ್ಪನ 1958ರ ಮಾರ್ಟಿನ್ ಕಂಪನಿಯ ಡಿ-28 ಗಿಟಾರ್ ಈಗ ನನ್ನ ಬಳಿ ಇದೆ. ಊರಿನ ಒಂದು ಅಂಗಡಿಯಲ್ಲಿ ರಿಪೇರಿ ಮಾಡಿಸಿದೆವು. ಹೊಸದರಂತೆ ಹೊಳೆಯುತ್ತಿದೆ. ಆದರೆ ಹನ್ನೆರಡನೆಯ ಫ್ರೆಟ್ (ಕುತ್ತಿಗೆಯ ಮೇಲಿನ ಅಡ್ಡ ಲೋಹದ ಗೆರೆ) ಬಳಿ ದಪ್ಪ ತಂತಿ 5 ಮಿ.ಮೀ. ಎತ್ತರದಲ್ಲಿದೆ, ಒತ್ತುವುದೇ ಕಷ್ಟ. ಕುತ್ತಿಗೆಯ ಬಾಗು ಸರಿಪಡಿಸುವ ಟ್ರಸ್ ರಾಡ್ ತಿರುಗಿಸಿದರೆ ಸಾಕು ಎನ್ನುತ್ತಾರೆ. ಅದು ಎಲ್ಲಿದೆಯೋ ಕಾಣಿಸುತ್ತಿಲ್ಲ. ಫೋಟೊ ಹಾಕಿದ್ದೇನೆ.

ಪಂಚಮ: ಇದಕ್ಕೆ ಎಷ್ಟು ಬೆಲೆ ಬರಬಹುದು ಸರ್?

ಕೊಡಗಿನವ: ಮಳೆಗಾಲದಲ್ಲಿ ನನ್ನ ಗಿಟಾರ್‌ನ ಒಳಗೆ ಬೂಷ್ಟು ಹಿಡಿದಿದೆ. ಪರಿಹಾರ ತಿಳಿಸಿ.

ದುರಸ್ತಿಗಾರ: ಆರುತಂತಿಯವರೇ, ಮೊದಲು ತಂತಿಗಳನ್ನು ಸಡಿಲಿಸಿ, ಆಮೇಲೆ ಮುಂದೆ ಓದಿ. ರಾಡ್ ಕಾಣಿಸುತ್ತಿಲ್ಲ, ಏಕೆಂದರೆ ತಿರುಗಿಸುವ ರಾಡ್ ಇದರಲ್ಲಿ ಇಲ್ಲವೇ ಇಲ್ಲ. ಮಾರ್ಟಿನ್‌ನವರು ಅದನ್ನು ಅಳವಡಿಸತೊಡಗಿದ್ದು 1985ರಲ್ಲಿ. ನಿಮ್ಮ ಗಿಟಾರ್‌ನ ಕುತ್ತಿಗೆಯೊಳಗಿರುವುದು ಉಕ್ಕಿನ ಪಟ್ಟಿ. ಅದನ್ನು ಯಾರೂ ತಿರುಗಿಸಲಾರರು.

ಲೈಟ್ ಗೇಜ್ (ತೆಳು) ಉಕ್ಕಿನ ತಂತಿಗಳು ಒಟ್ಟಾರೆ 70 ಕಿಲೋಗೂ ಮಿಕ್ಕಿದ ಭಾರದಿಂದ ಎಳೆಯುತ್ತವೆ. ದಶಕಗಟ್ಟಲೆ ಆ ಎಳೆತ ತಡೆದುಕೊಂಡ ಪೆಟ್ಟಿಗೆ ಮಣಿಯುತ್ತದೆ, ಕುತ್ತಿಗೆ ಮುಂದಕ್ಕೆ ವಾಲುತ್ತದೆ. ಸರಿಯಾದ ಚಿಕಿತ್ಸೆ ಒಂದೇ: ಹದಿನೈದನೆಯ ಫ್ರೆಟ್ ಕಿತ್ತು, ಆ ಸೀಳಿನಲ್ಲಿ ಸಣ್ಣ ರಂಧ್ರ ಕೊರೆದು ಹಬೆ ಹಾಯಿಸಿ ಅಂಟು ಮೆತ್ತಗಾಗಿಸಬೇಕು, ಕುತ್ತಿಗೆ ಬಿಡಿಸಿ, ಅದರ ಬುಡವನ್ನು ಕೂದಲೆಳೆಯಷ್ಟು ಕೆತ್ತಿ ಕೋನ ಸರಿಪಡಿಸಿ ಮತ್ತೆ ಕೂರಿಸಬೇಕು.

ನನಗೆ ಆತಂಕವಾಗಿರುವುದು ಎರಡನೆಯ ಫೋಟೊ ನೋಡಿ. ತಂತಿ ತಗ್ಗಿಸಲು, ಮೇಲ್ಹಲಗೆಯ ಮೇಲೆ ತಂತಿಗಳನ್ನು ಹಿಡಿದಿಡುವ ಮರದ ತುಂಡಾದ ಬ್ರಿಡ್ಜನ್ನೇ ಉಜ್ಜಿ ತೆಳುವಾಗಿಸಿದಂತಿದೆ. ಅದರ ದಪ್ಪ ಅಳೆದು ತಿಳಿಸಿ. ಆ ಹೊಳಪೂ ನನಗೆ ಹಿಡಿಸಲಿಲ್ಲ. ಹಳೆಯ ಲ್ಯಾಕರ್ ಲೇಪ ಉಜ್ಜಿ ತೆಗೆದಿದ್ದರೆ, ಅದರೊಂದಿಗೆ ಮೇಲ್ಹಲಗೆಯ ಮರವೂ ಒಂದಿಷ್ಟು ಹೋಗಿರುತ್ತದೆ. ಆ ಹಲಗೆ ಇರುವುದೇ ಸುಮಾರು 3 ಮಿ.ಮೀ.

ಕರಾವಳಿ: ಫಾರ್ವರ್ಡ್ ಬಂದಿತ್ತು, ಉಪಯೋಗವಾಗಬಹುದು: "ಬಾಗಿದ ಕುತ್ತಿಗೆಗೆ ಬಿಸಿ ಇಸ್ತ್ರಿಪೆಟ್ಟಿಗೆ ಇಟ್ಟು ಭಾರ ಹೇರಿ. ಮರಕ್ಕೆ ಕೊಬ್ಬರಿ ಎಣ್ಣೆ ಉಣಿಸಿ."

ದುರಸ್ತಿಗಾರ: ಯಾರೂ ಇದನ್ನು ಮಾಡಕೂಡದು. ಅಂಥ ಬಿಸಿಗೆ ಫ್ರೆಟ್‌ಬೋರ್ಡ್ ಕಳಚಿಕೊಳ್ಳುತ್ತದೆ, ಲ್ಯಾಕರ್ ಗುಳ್ಳೆ ಏಳುತ್ತದೆ. ಎಣ್ಣೆ ಕುಡಿದ ಮರಕ್ಕೆ ಮುಂದೆ ಅಂಟು ಹಿಡಿಯುವುದು ಕಷ್ಟ. ಯಾರು ಬರೆದರೆಂದೇ ತಿಳಿಯದ ಸಂದೇಶವನ್ನು ಇಲ್ಲಿ ಏಕೆ ಹಾಕುತ್ತೀರಿ?

ಕರಾವಳಿ: ಸಹಾಯವಾಗಲಿ ಎಂದು ಹಾಕಿದೆ. ಇಷ್ಟು ಸಿಡುಕಬೇಕಾಗಿರಲಿಲ್ಲ.

ಹೊಸಬ: ನೈಲಾನ್ ತಂತಿಯ ಗಿಟಾರ್‌ಗೆ ಉಕ್ಕಿನ ತಂತಿ ಹಾಕಬಹುದೇ?

ದುರಸ್ತಿಗಾರ: ಬೇಡ. ಎಳೆತ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ, ಬ್ರಿಡ್ಜ್ ಕಿತ್ತು ಬರುತ್ತದೆ.

ಪಂಚಮ: ಸರ್, ಬೆಲೆ?

ದುರಸ್ತಿಗಾರ: ನಾನು ದಲ್ಲಾಳಿಯಲ್ಲ.

ಮರಪ್ರೇಮಿ: ಅದು ಬ್ರೆಜಿಲ್‌ನ ರೋಸ್‌ವುಡ್. ಆ ನಾದ ನಮ್ಮ ಬೀಟೆಗೆ ಎಂದೂ ಬಾರದು.

ಮಲೆನಾಡಿಗ: 1969ರಲ್ಲಿ ಇದೇ ಕಂಪನಿ ಡಿ-28ಕ್ಕೆ ಭಾರತದ ಬೀಟೆಯನ್ನೇ ಆರಿಸಿಕೊಂಡಿತು. ನಾದ ಬಾರದಿದ್ದರೆ ಇಷ್ಟು ವರ್ಷ ಬಳಸುತ್ತಿದ್ದರೇ?

ಮರಪ್ರೇಮಿ: ಬ್ರೆಜಿಲ್‌ನ ಒಳ್ಳೆಯ ದಿಮ್ಮಿ ಸಿಗದಾಯಿತು, ಬಳಸಿದರು. ನೀವು ಎರಡನ್ನೂ ನುಡಿಸಿ ನೋಡಿದ್ದೀರಾ?

ಮಲೆನಾಡಿಗ: ನುಡಿಸಿದ್ದೇನೆ. ಕಣ್ಣು ಮುಚ್ಚಿ ಕೇಳಿ ನೀವು ಗುರುತಿಸಿ ತೋರಿಸಿ, ಆಮೇಲೆ ಮಾತಾಡೋಣ.

ಮರಪ್ರೇಮಿ: ನಿಮ್ಮೊಡನೆ ವಾದ ವ್ಯರ್ಥ.

ದುರಸ್ತಿಗಾರ: ನಾದದ ಬಹುಪಾಲು ಮೇಲ್ಹಲಗೆ ಮತ್ತು ಅದರ ಒಳಗಿನ ಪಟ್ಟಿಗಳದ್ದು. ಇಬ್ಬರೂ ಇಲ್ಲಿಗೆ ನಿಲ್ಲಿಸಿ. ಮರದ ವಿಷಯದಲ್ಲಿ ಆರುತಂತಿಯವರು ತಿಳಿಯಬೇಕಾದದ್ದು ಬೇರೆ: ಬ್ರೆಜಿಲ್ ರೋಸ್‌ವುಡ್ 1992ರಿಂದ, ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ. ದುರಸ್ತಿಗೆಂದು ಅನುಮತಿಪತ್ರವಿಲ್ಲದೆ ವಿದೇಶಕ್ಕೆ ಕಳುಹಿಸಿದರೆ ಸುಂಕದವರು ಮುಟ್ಟುಗೋಲು ಹಾಕಿಕೊಳ್ಳಬಹುದು.

ಕೊಡಗಿನವ: ಬೂಷ್ಟಿನ ಬಗ್ಗೆ ಕೇಳಿದ್ದೆ.

ಆರುತಂತಿ: ಅಳೆದೆ ಸರ್. ಬ್ರಿಡ್ಜ್ 5 ಮಿ.ಮೀ. ದಪ್ಪವಿದೆ. ಫ್ರೆಟ್‌ಗಳ ಮೇಲೆ ನೇರ ಪಟ್ಟಿ ಇಟ್ಟರೆ ಅದು ಬ್ರಿಡ್ಜ್‌ನ ಮೇಲಂಚಿಗೆ ತಾಗದೆ, ತೀರಾ ಕೆಳಗೆ ಬಡಿಯುತ್ತದೆ. ಇನ್ನಷ್ಟು ಉಜ್ಜಿದರೆ ಸರಿಹೋಗುತ್ತದೆ ಎನ್ನುತ್ತಾನೆ ಅಂಗಡಿಯವ.

ದುರಸ್ತಿಗಾರ: ಇನ್ನು ಅವನ ಕೈಗೆ ಕೊಡಲೇಬೇಡಿ. ಆ ಬ್ರಿಡ್ಜ್ 8 ಮಿ.ಮೀ.ಗೂ ಹೆಚ್ಚು ದಪ್ಪವಿರಬೇಕಿತ್ತು. ಕುತ್ತಿಗೆಯನ್ನು ಮತ್ತೆ ಕೂರಿಸಬೇಕು, ಕರಿಮರದ ಹೊಸ ಬ್ರಿಡ್ಜ್ ಮಾಡಬೇಕು. ಸೌಂಡ್‌ಹೋಲ್‌ನೊಳಗೆ ಕನ್ನಡಿ ಹಿಡಿದು, ಟಾರ್ಚ್ ಬಿಟ್ಟು ಮೇಲ್ಹಲಗೆಯ ಒಳಗಿನ ಮರದ ಪಟ್ಟಿಗಳ ಫೋಟೊ ತೆಗೆದು ಕಳುಹಿಸಿ. ಯಾವುದಾದರೂ ಅಂಟು ಬಿಟ್ಟುಕೊಂಡಿದ್ದರೆ ಮೊದಲ ಕೆಲಸ ಅದು.

ಪಂಚಮ: ಅಂದಾಜು ಬೆಲೆಯನ್ನಾದರೂ ಹೇಳಬಹುದಿತ್ತು.